ತಾಯಿಯ ಜಡೆಗೆ ಎಣ್ಣೆ

ಸೆಪ್ಟೆಂಬರ್ ೧೭

ಬಸ್ಸಿನವನು ಇಳಿಸಿದ ಜಾಗದಲ್ಲಿ ಊರೇ ಇರಲಿಲ್ಲ. ಒಂದು ತಗಡಿನ ಶೆಡ್ಡು, ಕೂರಲು ಕಲ್ಲಿನ ಕಟ್ಟೆ, ಎದುರಿಗೆ ಬಾಯಿ ತೆರೆದುಕೊಂಡು ಬಿದ್ದಿರುವ ಕಣಿವೆ. ಊರು ಇನ್ನೂ ಮೇಲಿದೆಯಂತೆ. ಪೆಟ್ಟಿಗೆ ಹೊತ್ತುಕೊಂಡು ಏದುಸಿರು ಬಿಡುತ್ತ ಹತ್ತಿದೆ. ಈ ವಯಸ್ಸಿನಲ್ಲಿ ನನ್ನನ್ನು ಇಂಥ ಗಡಿಗೆ ಅಟ್ಟಿದ ಆಫೀಸಿನವರಿಗೆ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ.

ಬರುವಾಗ ಸೈನಿಕರು ಅಲ್ಲಲ್ಲಿ ಬಸ್ಸು ನಿಲ್ಲಿಸಿ ಗುರುತಿನ ಚೀಟಿ ನೋಡಿದರು. ಕೊನೆಯ ಠಾಣೆಯವನು "ಏನು ಕೆಲಸ?" ಎಂದು ಕೇಳಿದ. "ಹಗ್ಗ ನೋಡೋದು" ಅಂದೆ. ಈ ಮಾತಿಗೆ ಎಲ್ಲರೂ ನಗುತ್ತಾರೆ. ಅವನು ನಗಲಿಲ್ಲ. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ.

ತಮಾಷೆಯೇನಲ್ಲ, ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ರೋಪ್‌ವೇಗಳ ಉಕ್ಕಿನ ಹಗ್ಗ ನೆಟ್ಟಗಿದೆಯೇ ಎಂದು ನೋಡಿ ಸಹಿ ಹಾಕುವುದು. ನನ್ನ ಸಹಿ ಬೀಳದಿದ್ದರೆ ಜನ ಹತ್ತುವಂತಿಲ್ಲ. ಇಲ್ಲಿಯದು ಕಣಿವೆ ದಾಟಿ ಎದುರು ಬಂಡೆಯ ಎದೆಯಲ್ಲಿರುವ ಗವಿಗೆ ಹೋಗುತ್ತದೆ. ಗವಿಯ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಗಡಿ. ಗವಿಯಲ್ಲಿ ಈ ಸೀಮೆಯ ತಾಯಿ ಇದ್ದಾಳಂತೆ, 'ದಾಟಿಸಿದ ತಾಯಿ' ಅನ್ನುತ್ತಾರೆ. ಕಳೆದ ಚಳಿಗಾಲದಿಂದ, ಜನರನ್ನು ಹೊತ್ತು ದಾಟಿಸುವ ಡಬ್ಬಿ ನಿಂತುಹೋಗಿದೆ. ಹಿಮ ಬೀಳುವ ಮುಂಚೆ ಶುರುವಾಗಲಿ ಎಂದು ಊರಿಗೆ ಊರೇ ಕಾಯುತ್ತಿದೆ.

ಇಳಿದುಕೊಂಡಿರುವುದು ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಕೋಣೆ ಚಿಕ್ಕದು, ಹಾಸಿಗೆ ಗಟ್ಟಿ, ಕಿಟಕಿ ತೆರೆದರೆ ನೇರ ಕಣಿವೆ. ಕಿಟಕಿ ಮುಚ್ಚಿದ್ದೇನೆ.

ಅಂಗಡಿಯ ಫೋನಿನಿಂದ ಮಗಳು ಪುಟ್ಟಿಯ ಜೊತೆ ಮಾತಾಡಿದೆ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಯಿತು. ಈ ಸಲ ಆರನೇ ತಿಂಗಳು, ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ ಡಾಕ್ಟರು. "ನಾನೂ ಬರ್ತಿದ್ದೆ ಅಪ್ಪ, ಬೆಟ್ಟ ನೋಡಬಹುದಿತ್ತು" ಎಂದು ರೇಗಿಸಿದಳು. ಈ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದರೆ ಗಟ್ಟಿಮುಟ್ಟಾದವರ ಕರುಳೇ ಬಾಯಿಗೆ ಬರುತ್ತದೆ, ತೆಪ್ಪಗೆ ಮಲಗು ಅಂದೆ. ಈ ದಿನಚರಿ ಪುಸ್ತಕ ಕೊಟ್ಟವಳೂ ಅವಳೇ. ಅವಳ ಅಮ್ಮ ಹೋದಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ನಿದ್ದೆ ಬಾರದಿದ್ದರೆ ಏನಾದರೂ ಗೀಚು ಅಂದಿದ್ದಳು. ಗೀಚಿದ್ದೇನೆ. ನಿದ್ದೆಯಂತೂ ಬಂದಿಲ್ಲ.

ಸೆಪ್ಟೆಂಬರ್ ೧೮

ನಿಲ್ದಾಣ ನೋಡಿದೆ. ಎರಡು ಹಗ್ಗ. ದಪ್ಪನೆಯದು ಡಬ್ಬಿಯನ್ನು ಹೊರುತ್ತದೆ, ಅದು ಗುಂಡುಕಲ್ಲಿನಂತಿದೆ. ತೆಳ್ಳನೆಯದು ಡಬ್ಬಿಯನ್ನು ಗವಿಯ ಕಡೆಗೆ, ಮೇಲಕ್ಕೆ ಎಳೆಯುತ್ತದೆ. ಚಿಂತೆ ಇರುವುದು ಅದರದ್ದು. ಅದು ಹೋದರೆ ಡಬ್ಬಿ ಹಿಂದಕ್ಕೆ ಜಾರಿ ಈ ಕಡೆಯ ಬಂಡೆಗೆ ಅಪ್ಪಳಿಸುತ್ತದೆ. ಹಳೆಯ ಕಾಲದ ಡಬ್ಬಿ, ತಾನಾಗಿ ಹಿಡಿದು ನಿಲ್ಲಿಸುವ ಬ್ರೇಕು ಇಲ್ಲ.

ಹಗ್ಗ ನೋಡೋಣವೆಂದರೆ ಹಗ್ಗವೇ ಕಾಣುವುದಿಲ್ಲ! ಡಬ್ಬಿಯ ಕೊಂಡಿಯಿಂದ ಹಿಡಿದು ಕೈಗೆ ಎಟುಕುವಷ್ಟು ದೂರ ಎಣ್ಣೆ, ಬೂದಿ ಕಲಸಿ ಮೆತ್ತಿದ್ದಾರೆ. ಹೆಬ್ಬೆರಳು ಊರಿದರೆ ಉಗುರು ಮುಳುಗುವಷ್ಟು ದಪ್ಪ. ಇದೇನು ಎಂದು ಮೋಟಾರಿನವನನ್ನು ಕೇಳಿದೆ. ಡಬ್ಬಿ ಓಡಿಸುವವನು ಅವನೇ.

"ಜಡೆಗೆ ಎಣ್ಣೆ ಸಾರ್. ದಿನಾ ಹಚ್ತಾರೆ."

"ಯಾರ ಜಡೆ ಮಾರಾಯ?"

"ತಾಯಿದು" ಎಂದ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಹಚ್ಚುವವನೂ ಅಲ್ಲೇ ಇದ್ದ. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು, ಬೆನ್ನು ಸ್ವಲ್ಪ ಬಾಗಿದೆ, ಕೈಯಲ್ಲಿ ಬಟ್ಟಲು. ಎಲ್ಲರೂ ಎಣ್ಣೆಯಣ್ಣ ಅನ್ನುತ್ತಾರೆ. ನನ್ನನ್ನು ನೋಡಿ ನಕ್ಕು ಪಕ್ಕಕ್ಕೆ ಸರಿದ.

ನಾನು ಬಟ್ಟೆ ತೆಗೆದೆ. ಆಫೀಸಿನವರು ಏನೇನೋ ಯಂತ್ರ ಕೊಟ್ಟಿದ್ದಾರೆ, ನನಗೆ ಮೊದಲು ಬೇಕಾದದ್ದು ಹತ್ತಿ ಬಟ್ಟೆ. ಹಗ್ಗದ ಸುತ್ತ ಸುತ್ತಿ ಮೆಲ್ಲಗೆ ಎಳೆಯುತ್ತ ಹೋಗಬೇಕು. ಒಳಗೆ ತಂತಿ ತುಂಡಾಗಿದ್ದರೆ ಅದರ ಮೊನೆ ಕಣ್ಣಿಗೆ ಕಾಣದಿದ್ದರೂ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಕಚ್ಚಿತೆಂದರೆ ಹಗ್ಗಕ್ಕೆ ಮುಪ್ಪು ಬಂತೆಂದೇ ಲೆಕ್ಕ. ಮಗಳು ಚಿಕ್ಕವಳಿದ್ದಾಗ ರಜೆಯಲ್ಲಿ ನನ್ನ ಜೊತೆ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದಳು. "ಕಚ್ಚಿದೆ ಅಪ್ಪ, ಕಚ್ಚಿದೆ!" ಎಂದು ಏನೋ ಮೀನು ಸಿಕ್ಕಂತೆ ಕುಣಿಯುತ್ತಿದ್ದಳು. ಬಟ್ಟೆಗಳನ್ನು ಅವಳ ಅಮ್ಮ ಹಳೆಯ ಹಾಸಿಗೆ ಹೊದಿಕೆ ಕತ್ತರಿಸಿ, ಅಂಚು ಹೊಲಿದು ಕೊಡುತ್ತಿದ್ದಳು. ಅವಳು ಹೊಲಿದದ್ದು ಇನ್ನು ಕೆಲವೇ ಉಳಿದಿವೆ, ಅಳೆದೂ ಸುರಿದೂ ಬಳಸುತ್ತೇನೆ.

ಇವತ್ತು ಬಟ್ಟೆ ಜಾರಿ ಜಾರಿ ಹೋಯಿತು. ಈ ಲೇಪದ ಮೇಲೆ ಹುಲಿಯ ಹಲ್ಲಿದ್ದರೂ ಕಚ್ಚುವುದಿಲ್ಲ. ತೊಳೆಯಬೇಕು.

ಸೆಪ್ಟೆಂಬರ್ ೧೯

ಸೀಮೆಎಣ್ಣೆ ಬೇಕು ಎಂದು ಕೇಳಿದರೆ ಅಂಗಡಿಯವನು ನಾಳೆ ಅಂದ. ಹಾಗಾಗಿ ದಿನವೆಲ್ಲ ಅಜ್ಜಿಯ ಅಡುಗೆಮನೆಯ ಒಲೆಯ ಮುಂದೆ ಕೂತು ಕಥೆ ಕೇಳಿದೆ.

ಬಹಳ ಹಿಂದೆ ಗಡಿಯ ಆಚೆಯಿಂದ ದಂಡು ಕಣಿವೆ ಬಳಸಿಕೊಂಡು ಬಂತಂತೆ. ಊರಿಗೆ ಬೆಂಕಿ ಬಿತ್ತು. ಹೆಂಗಸರು, ಮಕ್ಕಳು ಓಡಿ ಓಡಿ ಕಣಿವೆಯ ಅಂಚಿಗೆ ಬಂದು ನಿಂತರು. ಅವರಲ್ಲಿ ಒಬ್ಬಳು ಮುದುಕಿ ತನ್ನ ಜಡೆ ಕೊಯ್ದು ಆಚೆ ದಡಕ್ಕೆ ಎಸೆದಳು. ಜಡೆ ಸೇತುವೆಯಾಯಿತು. ಬಸುರಿಯರು ಮೊದಲು ದಾಟಿದರು, ಆಮೇಲೆ ಮಕ್ಕಳೊಂದಿಗರು, ಆಮೇಲೆ ಉಳಿದವರು. ಕಟ್ಟಕಡೆಗೆ ಇದ್ದವನು ಒಬ್ಬ ಮನೆ ಕಟ್ಟುವ ಮೇಸ್ತ್ರಿ. ಅವನು ಕಾಲಿಡುವ ಮುಂಚೆ ಜಡೆ ಗಟ್ಟಿಯಿದೆಯೋ ಇಲ್ಲವೋ ಎಂದು ಹಿಡಿದು ಎಳೆದು ನೋಡಿದ.

"ಅಷ್ಟೇ. ಕಿತ್ಕೊಂಡು ಹೋಯ್ತು" ಅಂದಳು ಅಜ್ಜಿ.

"ಅಲ್ಲಜ್ಜಿ, ಅಷ್ಟು ಜನ ದಾಟಿದ ಮೇಲೆ ಜಡೆ ಸವೆದಿರುತ್ತೆ. ಅವನು ಎಳೆದಿದ್ದಕ್ಕಲ್ಲ."

"ಸವೆಯೋಕೆ ಅದೇನು ಹಗ್ಗವಾ ತಮ್ಮ?"

ಈ ಊರಿನಲ್ಲಿ ನನಗೆ ಆಗಲೇ ಹೆಸರಿಟ್ಟಿದ್ದಾರೆ, 'ಎಳೆದು ನೋಡುವವರು.' ನೀರು ತರುವ ಹೆಂಗಸರು ಹಾಗಂದು ದಾರಿ ಬಿಟ್ಟರು. ಮರ್ಯಾದೆಯಿಂದಲೇ ಅಂದರು. ಆದರೂ ಬೆನ್ನು ಚುಳ್ ಎಂದಿತು.

ಸೆಪ್ಟೆಂಬರ್ ೨೧

ತೊಳೆದೆ. ಮೋಟಾರಿನವನು ಕೈ ಹಚ್ಚಲು ಒಪ್ಪಲಿಲ್ಲ, ಒಬ್ಬನೇ ಉಜ್ಜಿದೆ. ಊರಿನವರು ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತರು. ಬೈದಿದ್ದರೆ ಸಮಾಧಾನವಿತ್ತು. ಸಾವಿನ ಮನೆಯಲ್ಲಿ ಕೂತವರಂತೆ ಸುಮ್ಮನೆ ನೋಡುತ್ತಿದ್ದರು.

ಕೊಂಡಿಯ ಪಕ್ಕದಲ್ಲೇ ಬಟ್ಟೆ ಕಚ್ಚಿತು. ಒಂದು ಕಡೆಯಲ್ಲ, ಮಗ್ಗುಲು ಬದಲಿಸಿದಲ್ಲೆಲ್ಲ ಕಚ್ಚಿತು. ಕೊಸರಿ ಬಿಡಿಸಿದರೆ ನೂಲು ಹಗ್ಗದಲ್ಲೇ ಉಳಿಯಿತು. ಲೇಪದ ಕೆಳಗೆ ನೀರು ನಿಂತು ತುಕ್ಕು ಒಳಗಿನಿಂದ ತಿಂದಿದೆ. ಹಚ್ಚಿ ಹಚ್ಚಿ ಕೊಂದಿದ್ದಾರೆ ಪುಣ್ಯಾತ್ಮರು! ಇಂಥ ಹಗ್ಗಕ್ಕೆ ಕುರಿಮರಿಯನ್ನೂ ಕಟ್ಟಿ ಕಳಿಸುವುದಿಲ್ಲ ನಾನು. ಹೊಸ ಹಗ್ಗ ಬರಬೇಕು. ಬರುವಷ್ಟರಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತದೆ. ಅಂದರೆ ಈ ವರ್ಷ ಇಲ್ಲ.

ಹಾಗೆಂದು ಕಟ್ಟೆಯ ಮೇಲಿದ್ದವರಿಗೆ ಹೇಳಿದೆ. ಯಾರೂ ಜಗಳಕ್ಕೆ ಬರಲಿಲ್ಲ. ಒಬ್ಬಳು ಮಾತ್ರ, "ನಿಮ್ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದಳು. ಚೆನ್ನಾಗಿದ್ದಾರೆ ಅಂದೆ.

ಸಂಜೆ ಅಂಗಡಿಯವನು ಓಡಿ ಬಂದ. ಫೋನಿನಲ್ಲಿ ಅಳಿಯ. ಮಧ್ಯಾಹ್ನದಿಂದ ರಕ್ತ ಹೋಗುತ್ತಿದೆ, ಪುಟ್ಟಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಅಂದ.

ಮಧ್ಯಾಹ್ನ ನಾನು ಹಗ್ಗ ಉಜ್ಜುತ್ತಿದ್ದೆ.

ಸೆಪ್ಟೆಂಬರ್ ೨೨

ಕೆಳಗೆ ಬೆಟ್ಟ ಕುಸಿದು ರಸ್ತೆ ಬಂದ್. ಬಸ್ಸಿಲ್ಲ. ಫೋನೂ ಸತ್ತಿದೆ. ಬೆಳಗಿನಿಂದ ಅಂಗಡಿಗೂ ಮನೆಗೂ ನಡೆದದ್ದೇ ಬಂತು. ಅಜ್ಜಿ ತಟ್ಟೆ ಇಟ್ಟಳು, ಹಾಗೇ ಸರಿಸಿ ಎದ್ದೆ. ಭಯವಾಗುತ್ತಿದೆ. ಇದಕ್ಕಿಂತ ಬೇರೆ ಏನು ಬರೆಯಲಿ.

ಸೆಪ್ಟೆಂಬರ್ ೨೩

ಎಣ್ಣೆಯಣ್ಣ ಬೆಳಿಗ್ಗೆಯೇ ಬಾಗಿಲಿಗೆ ಬಂದ. ಬಟ್ಟಲು ನನ್ನ ಕೈಯಲ್ಲಿಟ್ಟ.

"ಒಂದ್ಸಲ ಹಚ್ಚಿ ಸಾರ್. ನಂಬಿ ಅಂತ ನಾನು ಹೇಳ್ತಿಲ್ಲ. ನೀವು ತೊಳೆದ್ರಿ, ನೀವೇ ಹಚ್ಚಿದ್ರೆ ಸರಿ ಅಷ್ಟೇ."

ಹೇಗೂ ಬರಿಯ ಉಕ್ಕನ್ನು ತೊಳೆದು ಹಾಗೇ ಬಿಡಬಾರದು, ಗಾಳಿಗೆ ತುಕ್ಕು ಹಿಡಿಯುತ್ತದೆ. ಆ ಲೆಕ್ಕದಲ್ಲಿ ಹಚ್ಚಿದೆ, ಬೇರೇನಿಲ್ಲ. ಬೂದಿ ಎಣ್ಣೆ ಕೈಯಲ್ಲಿ ಬೆಚ್ಚಗಿತ್ತು. ಕಟ್ಟೆಯ ಮೇಲಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

ಸಂಜೆ ಫೋನು ಬದುಕಿತು. ಪುಟ್ಟಿಯೇ ಮಾತಾಡಿದಳು. ಬೆಳಿಗ್ಗೆಯಿಂದ ರಕ್ತ ನಿಂತಿದೆ. ಮಗುವಿನ ಎದೆಬಡಿತ ಕುದುರೆಯ ಹಾಗಿದೆ ಎಂದರಂತೆ ಡಾಕ್ಟರು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಹೆಂಡತಿ ಹೋದಾಗಲೂ ನನಗೆ ಹೀಗೆ ಅಳು ಬಂದಿರಲಿಲ್ಲ. ಅಂಗಡಿಯವನು ಬಾಗಿಲು ಅರ್ಧ ಎಳೆದು ಯಾರೂ ನೋಡದಂತೆ ಮರೆ ಮಾಡಿದ.

ಕಾಕತಾಳೀಯ. ಹೌದು, ನನಗೂ ಗೊತ್ತು. ಆದರೂ ಆ ಡಾಕ್ಟರು ಎರಡು ದಿನದಿಂದ ಕೊಡುತ್ತಿದ್ದ ಔಷಧಿ ಇವತ್ತು ಬೆಳಿಗ್ಗೆಯೇ ಯಾಕೆ ಹಿಡಿಯಬೇಕು?

ಸೆಪ್ಟೆಂಬರ್ ೨೬

ನಿದ್ದೆ ಬಂತು! ಮಲಗಿದ್ದು ಗೊತ್ತು, ಎದ್ದಾಗ ಬಿಸಿಲು. ಅಜ್ಜಿ ಹೇಳಿದಂತೆ ಕಿಟಕಿ ತೆರೆದು, ಕಣಿವೆಯ ಕಡೆ ತಲೆ ಹಾಕಿ ಮಲಗಿದ್ದೆ. ಒಳ್ಳೆಯ ಗಾಳಿಯ ಗುಣ.

ಬೆಳಿಗ್ಗೆ ಎಣ್ಣೆಯಣ್ಣನ ಜೊತೆ ನಾನೂ ಹಚ್ಚಿದೆ. ಇಬ್ಬರಿದ್ದರೆ ಬೇಗ ಆಗುತ್ತದೆ. ಮಾತಿನ ನಡುವೆ ಅವನು, "ಕೊಂಡಿ ಪಕ್ಕದಲ್ಲೇ ದಣಿವು ಜಾಸ್ತಿ ಅಲ್ವಾ ಸಾರ್, ಅಲ್ಲೇ ಬಾಗೋದು" ಅಂದ. ಉಕ್ಕು 'ದಣಿಯುತ್ತದೆ' ಎನ್ನುವುದು ನಮ್ಮ ಕಸುಬಿನವರ ಮಾತು. ನಾನು ತಲೆಯೆತ್ತಿ ನೋಡಿದೆ.

"ನಾನೂ ಸಹಿ ಹಾಕೋಕೆ ಅಂತಲೇ ಬಂದವನು" ಅಂದ. "ಇದರ ಹಿಂದಿನ ಹಗ್ಗಕ್ಕೆ."

ನಮ್ಮದೇ ಆಫೀಸಿನವನು. ನಾನು ಸೇರುವ ಮುಂಚೆಯೇ ಇತ್ತ ಬಂದು ವಾಪಸು ಹೋಗದೆ ಉಳಿದುಬಿಟ್ಟವನು. ಎಷ್ಟು ಹಾಯಾಗಿದ್ದಾನೆ. ಕಲಿತವನು, ಕಸುಬು ಬಲ್ಲವನು, ಅಂಥವನೇ ಒಪ್ಪಿಕೊಂಡು ಇಲ್ಲಿ ಬಟ್ಟಲು ಹಿಡಿದಿದ್ದಾನೆಂದರೆ ಏನೋ ಇರಲೇಬೇಕಲ್ಲ.

"ಮನೆಯವರು?" ಎಂದು ಕೇಳಿದೆ.

"ಆಚೆ ಇದ್ದಾಳೆ" ಎಂದು ಕಣಿವೆಯ ಕಡೆ ಗದ್ದ ತೋರಿಸಿದ. ಗವಿಯಲ್ಲಿ ಸೇವೆಗೆ ಇರಬೇಕು.

ಸೆಪ್ಟೆಂಬರ್ ೨೯

ಆಫೀಸಿನಿಂದ ಸಾಹೇಬರ ಫೋನು. ಪರೀಕ್ಷೆ ಏನಾಯಿತು, ಹಗ್ಗ ಹೇಗಿದೆ ಎಂದು ಒಂದೇ ಸಮ ಪ್ರಶ್ನೆ. ನೋಡುತ್ತಿದ್ದೇನೆ ಅಂದೆ. ಕುರ್ಚಿಯಲ್ಲಿ ಕೂತವರಿಗೆ ಏನು ಗೊತ್ತಾಗುತ್ತದೆ ಇಲ್ಲಿಯ ವಿಷಯ. ಮಾತು ಮುಗಿಯುವ ಮುಂಚೆಯೇ ಇಟ್ಟುಬಿಟ್ಟೆ.

ನ್ಯಾಯವಾಗಿ ಇನ್ನೊಮ್ಮೆ ನೋಡೋಣ ಎಂದು ಬಟ್ಟೆ ಹಿಡಿದೆ. ಈ ಸಲ ತೊಳೆಯಲಿಲ್ಲ, ಹಗುರ ಕೈಯಲ್ಲಿ ಎಳೆದೆ. ಎಲ್ಲೂ ಕಚ್ಚಲಿಲ್ಲ. ಬೆಣ್ಣೆಯ ಹಾಗಿದೆ. ಹೋದ ಸಲ ಸೀಮೆಎಣ್ಣೆ ಸುರಿದು ಒರಟಾಗಿ ಉಜ್ಜಿದ್ದಕ್ಕೆ ತಂತಿಗಳು ಎದ್ದಿದ್ದವೋ ಏನೋ. ಪಾಪ, ಯಾರ ಕೂದಲನ್ನು ಹಾಗೆ ಉಜ್ಜಿದರೂ ಸಿಕ್ಕಾಗುತ್ತದೆ.

ಪುಟ್ಟಿಯನ್ನು ಮನೆಗೆ ಕಳಿಸಿದ್ದಾರೆ. ರಸ್ತೆಯೂ ತೆರೆದಿದೆಯಂತೆ.

ಅಕ್ಟೋಬರ್ ೨

ಇವತ್ತು ಮೋಟಾರು ಚಾಲೂ ಮಾಡಿ ಖಾಲಿ ಡಬ್ಬಿಯನ್ನು ಸ್ವಲ್ಪ ದೂರ ಬಿಟ್ಟು ವಾಪಸು ತಂದೆವು. ಹಗ್ಗ ಗುನುಗುತ್ತಿತ್ತು. ಬೇರೆ ಕಡೆಯಾಗಿದ್ದರೆ ಇಂಥ ಸದ್ದಿಗೆ ನಾನು ಮೋಟಾರು ನಿಲ್ಲಿಸುತ್ತಿದ್ದೆ, ತಂತಿ ಸಡಿಲವಾದರೆ ಹೀಗೇ ಕೇಳಿಸುವುದು. ಆದರೆ ಇಲ್ಲಿ ಕಣಿವೆಯ ಗಾಳಿ ಇದೆ. ಮೋಟಾರಿನವನು, "ಖುಷಿಯಾದ್ರೆ ತಾಯಿ ಹಾಡ್ಕೋತಾಳೆ" ಅಂದ. ಕೇಳುತ್ತ ನಿಂತರೆ ನಿಜಕ್ಕೂ ಒಂದು ರಾಗ ಇದೆ. ನನ್ನವಳು ಬಟ್ಟೆ ಹೊಲಿಯುವಾಗ ಹೀಗೇ ಗುನುಗುತ್ತಿದ್ದಳು.

ಎಣ್ಣೆಯಣ್ಣ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ತನ್ನ ಕಥೆ ಹೇಳಿದ. ಇಲ್ಲಿ ಒಂದು ರೂಢಿ ಇದೆ: ಸಹಿ ಹಾಕಿದವನು ಮೊದಲ ಡಬ್ಬಿಯಲ್ಲಿ ದಾಟಬೇಕು, ತನ್ನವರು ಒಬ್ಬರನ್ನು ಜೊತೆಗೆ ಕರೆದುಕೊಂಡು. ಅವನು ಹೆಂಡತಿಯನ್ನು ಕರೆಸಿದ್ದ. ಅವಳು ಮೊದಲು ಹತ್ತಿ ಕೂತಳು. ಇವನು ಹತ್ತುವ ಮುಂಚೆ, ಕಸುಬಿನ ಚಟ, ಹಗ್ಗವನ್ನು ಹಿಡಿದು ಒಂದು ಸಲ ಎಳೆದು ನೋಡಿದ. ನೋಡಿ ಒಂದು ಕಾಲು ಒಳಗಿಡುವಷ್ಟರಲ್ಲಿ ಡಬ್ಬಿ ಅವಳೊಬ್ಬಳನ್ನೇ ಹೊತ್ತು ಹೊರಟುಬಿಟ್ಟಿತು. ಅರ್ಧ ದಾರಿಯಲ್ಲಿ ಹಗ್ಗ ಕಿತ್ತುಕೊಂಡಿತು.

"ನಾನು ಎಳೀಬಾರದಿತ್ತು ಸಾರ್" ಅಂದ. ಅಳಲಿಲ್ಲ. ಬಟ್ಟಲಿನಲ್ಲಿ ಬೂದಿ ಕಲಸುತ್ತಲೇ ಇದ್ದ.

ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಮಾತು! ಒಂದೇ ಒಂದು ಸಲದ ಅನುಮಾನ. ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ.

ಅಕ್ಟೋಬರ್ ೪

ಸಹಿ ಹಾಕಿದೆ.

ಅಜ್ಜಿ ನನ್ನ ತಲೆ ಮುಟ್ಟಿ, "ಈಗ ನೀನು ನಮ್ಮವನಾದೆ ತಮ್ಮ" ಅಂದಳು. ದಾರಿಯಲ್ಲಿ ಯಾರೂ ಇನ್ನು ಎಳೆದು ನೋಡುವವರು ಅನ್ನುವುದಿಲ್ಲ. ಈ ಹದಿನೆಂಟು ದಿನಗಳಲ್ಲಿ ಎಷ್ಟು ಬದಲಾಗಿಬಿಟ್ಟರು ಈ ಜನ.

ಮರಳಿನ ಚೀಲ ಹೇರಿ ಒಮ್ಮೆ ಪೂರ್ತಿ ಓಡಿಸಿ ನೋಡಬೇಕು, ಜನ ಹತ್ತುವುದು ಆಮೇಲೆ. ಇದು ನಾನೇ ಊರೂರಿಗೆ ಹೇಳಿಕೊಂಡು ಬಂದ ನಿಯಮ. ಮೋಟಾರಿನವನಿಗೆ ಹೇಳಿದೆ, ಅವನು ಎಣ್ಣೆಯಣ್ಣನ ಮುಖ ನೋಡಿದ. ಸರಿ, ಬೇಡ ಅಂದೆ. ಚೀಲ ಹೇರುವುದೂ ಒಂದು ರೀತಿಯಲ್ಲಿ ಎಳೆದು ನೋಡಿದ ಹಾಗೇ.

ಇನ್ನು ನನ್ನವರು ಯಾರು? ಪುಟ್ಟಿಯನ್ನು ಬಿಟ್ಟರೆ ನನಗೆ ಯಾರಿದ್ದಾರೆ. ಬಸುರಿಯರೇ ಮೊದಲು ದಾಟಿದ್ದು ಎಂದು ಅಜ್ಜಿ ನೆನಪಿಸಿದಳು. ಹಾಗೆ ದಾಟಿದವರ ಮಗು ನಿಲ್ಲದೆ ಹೋದದ್ದೇ ಇಲ್ಲವಂತೆ. ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳು ನನ್ನ ಮಗಳು. ಮೂರನೆಯದು ನಿಲ್ಲಬೇಕು. ನಿಲ್ಲಲೇಬೇಕು.

ಫೋನು ಮಾಡಿದೆ.

"ಅಪ್ಪ, ನೀನೇ ತಾನೆ ಬರಬೇಡ ಅಂದಿದ್ದು? ಗಟ್ಟಿಮುಟ್ಟಾದವರ ಕರುಳೇ ಬಾಯಿಗೆ ಬರುತ್ತೆ ಅಂದೆ."

"ಆಗ ಅಂದೆ. ಈಗ ಬಾ ಅಂತಿದ್ದೀನಿ."

"ಡಾಕ್ಟರು ಏನಂತಾರೆ?"

"ಡಾಕ್ಟರು ಎರಡು ಸಲ ಏನು ಉಳಿಸಿಕೊಟ್ಟರು?"

ಆಮೇಲೆ ಅಂದಳು: "ಅಮ್ಮ ಹೋದಮೇಲೆ ನೀನು ನನ್ನನ್ನ ಏನೂ ಕೇಳೇ ಇಲ್ಲ ಅಪ್ಪ. ಊಟಕ್ಕೆ ಬಾ ಅಂದ್ರೂ ಬರ್ತಿರಲಿಲ್ಲ. ಮೊದಲನೇ ಸಲ ಕರೀತಿದ್ದೀಯ. ಬರ್ತೀನಿ."

ಅಳಿಯ ಫೋನು ಕಿತ್ತುಕೊಂಡು ಕೂಗಾಡಿದ. ಕೂಗಾಡಲಿ. ಅನುಮಾನದ ಪ್ರಾಣಿ ಅವನು, ಮೊದಲಿನಿಂದಲೂ ಅಷ್ಟೇ.

ಅಕ್ಟೋಬರ್ ೬

ಕೊಂಡಿಯ ಹತ್ತಿರ ಒಂದು ಕಡೆ ಲೇಪದ ಮೇಲೆ ಗಂಟು ಎದ್ದಂತಿತ್ತು. ಮುಟ್ಟಿ ನೋಡೋಣ ಎಂದು ಬೆರಳು ಮುಂದೆ ಹೋಯಿತು. ತಕ್ಷಣ ಎಣ್ಣೆಯಣ್ಣನ ಕಥೆ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ದೇವರು ದೊಡ್ಡವನು. ಇನ್ನೊಂದು ಬಟ್ಟಲು ತರಿಸಿ ಅಲ್ಲಿಗೇ ದಪ್ಪಗೆ ಮೆತ್ತಿದೆ. ಈಗ ಏನೂ ಕಾಣುವುದಿಲ್ಲ.

ಅಕ್ಟೋಬರ್ ೮

ಬಂದಳು. ಬಸ್ಸಿನಿಂದ ಇಳಿಯುವಾಗ ಮುಖ ಬಾಡಿತ್ತು, ಪಾದ ಊದಿತ್ತು. ಜೊತೆಗೆ ಅಳಿಯ ಇಲ್ಲ. ಅವನಿಗೆ ಗಡಿಯ ಪರವಾನಗಿ ಸಿಗಲಿಲ್ಲವಂತೆ, ಠಾಣೆಯಲ್ಲಿ ಇಳಿಸಿಬಿಟ್ಟರಂತೆ. ಅವಳನ್ನು ಮಾತ್ರ, ಹಗ್ಗದವರ ಮಗಳು ಎಂದದ್ದೇ ತಡ, ಸೈನಿಕನೇ ಕೈ ಹಿಡಿದು ಮತ್ತೆ ಬಸ್ಸು ಹತ್ತಿಸಿದನಂತೆ. ಎಲ್ಲವೂ ಹೇಗೆ ತಾನಾಗಿ ಕೂಡಿಬರುತ್ತಿದೆ!

ನಾಲ್ವರು ಕುರ್ಚಿಯಲ್ಲಿ ಕೂರಿಸಿ ಅವಳನ್ನು ಮೇಲಕ್ಕೆ ಹೊತ್ತುತಂದರು. ಅವಳಿಗೆ ನಗು. "ಮದುವೆಯಲ್ಲೂ ನನ್ನನ್ನ ಹೀಗೆ ಮೆರೆಸಿರಲಿಲ್ಲ" ಅಂದಳು. ಆಮೇಲೆ ನನ್ನನ್ನು ದಿಟ್ಟಿಸಿದಳು.

"ಅಪ್ಪ, ಎಷ್ಟು ಇಳಿದು ಹೋಗಿದ್ದೀಯ. ಏನಿದು ಕೈಯೆಲ್ಲ ಕಪ್ಪು?"

"ಎಣ್ಣೆ."

"ತೊಳ್ಕೊಳ್ಳೋದಲ್ವಾ?"

ತೊಳೆಯುವುದಿಲ್ಲ ಎಂದು ಹೇಳಲಿಲ್ಲ. ಅವಳಿಗೆ ನಿಧಾನವಾಗಿ ಅರ್ಥವಾಗುತ್ತದೆ.

ಮಧ್ಯಾಹ್ನ ಅಜ್ಜಿ ಅವಳನ್ನು ಒಲೆಯ ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ, ಉದ್ದಕ್ಕೆ ಜಡೆ ಹೆಣೆದಳು. ಪುಟ್ಟಿ ಕಣ್ಣು ಮುಚ್ಚಿಕೊಂಡು ಅಮ್ಮನ ಹಾಗೇ ಹಚ್ತೀರ ಅಂದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಎದೆ ತುಂಬಿ ಬಂತು. ಈ ಮನೆಯಲ್ಲಿ ನಾವೆಲ್ಲ ಮೊದಲಿನಿಂದಲೂ ಇದ್ದ ಹಾಗಿದೆ.

ಊಟದ ಹೊತ್ತಿಗೆ ಕೇಳಿದಳು: "ಬಟ್ಟೆ ಹಿಡಿದು ನೋಡಿದ್ಯಾ ಅಪ್ಪ?"

"ನೋಡಿದೆ."

"ಕಚ್ಚಲಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಸರಿ. ಇವರ ತಾಯಿಯೂ ಇಲ್ಲ, ಜಡೆಯೂ ಇಲ್ಲ, ನಾನು ನಂಬೋದು ನಿನ್ನ ಬಟ್ಟೇನ" ಎಂದು ನಕ್ಕು ತಟ್ಟೆ ಎಳೆದುಕೊಂಡಳು. ಅಜ್ಜಿಯೂ ನಕ್ಕಳು. ನಾನು ಸುಳ್ಳೇನೂ ಹೇಳಲಿಲ್ಲ, ಕೊನೆಯ ಸಲ ನೋಡಿದಾಗ ಕಚ್ಚಿರಲಿಲ್ಲ.

ಅಕ್ಟೋಬರ್ ೯

ಡಬ್ಬಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯುತ್ತಿದ್ದರೆ ಕೆಳಗೆ ನೋಡುವ ಚಪಲ ಇರುವುದಿಲ್ಲ ಎಂದು ಎಣ್ಣೆಯಣ್ಣನೇ ಹೇಳಿದ.

ಬೆಳಗ್ಗೆ ಬಿಸಿಲು ಚೆನ್ನಾಗಿದೆ, ಗಾಳಿ ಮಾತ್ರ ಜೋರು. ಊರಿಗೆ ಊರೇ ಕಟ್ಟೆಯ ಮೇಲೆ ಸೇರಿತ್ತು. ಪುಟ್ಟಿಯನ್ನು ಕೈ ಹಿಡಿದು ಹತ್ತಿಸಿದರು, ಬೆನ್ನಿಗೆ ದಿಂಬು ಕೊಟ್ಟರು. ನಾನು ಹತ್ತುವ ಮುಂಚೆ ಹಗ್ಗದ ಹತ್ತಿರ ನಿಂತೆ. ಎಲ್ಲರೂ ಉಸಿರು ಬಿಗಿಹಿಡಿದರು. ಎಳೆದು ನೋಡುತ್ತೇನೆ ಅಂದುಕೊಂಡರೇನೋ. ನಾನು ಜೇಬಿನಿಂದ ಬಟ್ಟೆ ತೆಗೆದೆ. ನನ್ನವಳು ಹೊಲಿದದ್ದರಲ್ಲಿ ಕೊನೆಯದು. ಇನ್ನು ಅದರ ಕೆಲಸವೇನಿದೆ? ಕೊಂಡಿಯ ಪಕ್ಕದಲ್ಲಿ, ಜಡೆಗೆ ಹೂ ಮುಡಿಸಿದ ಹಾಗೆ, ಹಗ್ಗದ ಮೇಲೆ ಹೊದಿಸಿ ಕೈ ಮುಗಿದೆ. ಎಣ್ಣೆಯಣ್ಣ ತಲೆಯಾಡಿಸಿದ.

ಹೊರಟೆವು. ಕಟ್ಟೆಯ ಮೇಲಿನ ಜನ ಚಿಕ್ಕದಾಗುತ್ತಿದ್ದಾರೆ. ಅವರಲ್ಲಿ ಯಾರೂ ಕೈ ಬೀಸುತ್ತಿಲ್ಲ. ಹಗ್ಗ ಹಾಡುತ್ತಿದೆ, ಖಾಲಿ ಡಬ್ಬಿ ಹೋದಾಗಿನದಕ್ಕಿಂತ ಎತ್ತರದ ದನಿಯಲ್ಲಿ. ನಡುನಡುವೆ ಟಿಕ್ ಟಿಕ್ ಎಂದು ತಾಳವೂ ಇದೆ. ಪುಟ್ಟಿ ಮೊದಲು ಗವಿ ಎಲ್ಲಿ, ಗಡಿ ಎಲ್ಲಿ ಎಂದು ಬಾಯಿ ತುಂಬ ಮಾತಾಡುತ್ತಿದ್ದಳು. ಮಗು ಒದೆಯುತ್ತಿದೆ ಎಂದು ನನ್ನ ಕೈ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡಳು. ನಿಜ, ಒದೆಯಿತು! ಗಟ್ಟಿ ಪಿಂಡ. ಇಷ್ಟು ಸಂತೋಷ ನನಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಈಗ ಕಣಿವೆಯ ನಡುಮಧ್ಯ. ಗಾಳಿ ಎಲ್ಲಾ ಕಡೆಯಿಂದ ನುಗ್ಗುತ್ತಿದೆ. ಆಶ್ಚರ್ಯವೆಂದರೆ ನನ್ನ ಬಟ್ಟೆ ಹಾರಿಹೋಗಿಲ್ಲ. ನಾನು ಗಂಟು ಹಾಕಿರಲಿಲ್ಲ, ಸುಮ್ಮನೆ ಹೊದಿಸಿದ್ದೆ. ಕಿಟಕಿಯ ಆಚೆ ಪಟಪಟ ಹೊಡೆದುಕೊಳ್ಳುತ್ತಿದೆ, ಆದರೂ ಹಗ್ಗವನ್ನು ಬಿಟ್ಟಿಲ್ಲ. ಪುಟ್ಟಿಗೆ ತೋರಿಸಿದೆ.

ಅವಳು ನೋಡಿದಳು. ನೋಡುತ್ತಲೇ ಇದ್ದಳು.

"ಕಚ್ಚಿದೆ ಅಪ್ಪ" ಎಂದಳು, ತೀರಾ ಮೆಲ್ಲಗೆ.

"ತಾಯಿ ಹಿಡ್ಕೊಂಡಿದ್ದಾಳೆ ಪುಟ್ಟಿ" ಅಂದೆ.

ಅವಳು ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿದೆ, ಎತ್ತರ ಅಭ್ಯಾಸವಿಲ್ಲವಲ್ಲ. ಒಂದು ಕೈ ಹೊಟ್ಟೆಯ ಮೇಲಿದೆ. ಇನ್ನೊಂದರಲ್ಲಿ ನಾನು ಬರೆಯುವ ಕೈಯನ್ನೇ ಹಿಡಿದುಕೊಂಡಿದ್ದಾಳೆ, ಬಿಡು ಅಂದರೂ ಬಿಡುತ್ತಿಲ್ಲ.